ಜಟಾಯುವಿನ ವಂಶ ಎಲ್ಲಿ ಹೋಯಿತು?

॥ ಶ್ರೀ ಪ್ರಸನ್ನಾಂಜನೇಯಾಯ ನಮಃ ॥



ರಾಗಿಗುಡ್ಡದ ಮೆಟ್ಟಿಲು ಹತ್ತಿ ಬಂದು ಸ್ವಾಮಿಯ ಮುಂದೆ ಕೈಮುಗಿದು ನಿಲ್ಲುವವರಲ್ಲಿ ಸಮುದ್ರ ಲಂಘನದ ಕಥೆ ಗೊತ್ತಿಲ್ಲದವರು ಯಾರೂ ಇರಲಾರರು. ನೂರು ಯೋಜನದ ಕಡಲನ್ನು ಒಂದೇ ನೆಗೆತಕ್ಕೆ ದಾಟಿದ ಮಹಾನುಭಾವ ಆತ. ಎಲ್‌ಕೆಜಿ ಮಗುವನ್ನು ಕೇಳಿದರೂ ಹೇಳುತ್ತದೆ. ಆದರೆ ಒಂದು ಪ್ರಶ್ನೆ. ಸೀತಮ್ಮ ಲಂಕೆಯಲ್ಲಿ ಇದ್ದಾಳೆ, ಇಂಥಾ ಕಡೆ ಇದ್ದಾಳೆ ಅಂತ ಕಣ್ಣಾರೆ ಕಂಡು ವಾನರರಿಗೆ ಹೇಳಿದವರು ಯಾರು? ಇದನ್ನು ಕೇಳಿದರೆ ದೊಡ್ಡವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಕೆಲವರು ಸುಗ್ರೀವ ಅನ್ನುತ್ತಾರೆ, ಕೆಲವರು ಜಾಂಬವಂತ ಅನ್ನುತ್ತಾರೆ.

ಹೇಳಿದ್ದು ಒಂದು ರಣಹದ್ದು. ಅದೂ ರೆಕ್ಕೆ ಸುಟ್ಟುಹೋಗಿ ಹಾರಲಾರದ, ಮಗ ತಂದುಕೊಟ್ಟರೆ ಮಾತ್ರ ಊಟ ಎನ್ನುವ ಸ್ಥಿತಿಯಲ್ಲಿದ್ದ ಮುದಿ ರಣಹದ್ದು. ಹೆಸರು ಸಂಪಾತಿ.

ಕಿಷ್ಕಿಂಧಾಕಾಂಡದ ಕೊನೆಯಲ್ಲಿ ಈ ಪ್ರಸಂಗ ಬರುತ್ತದೆ. ಅಂಗದ, ಹನುಮಂತ, ಜಾಂಬವಂತ ಮೊದಲಾದವರು ದಕ್ಷಿಣ ದಿಕ್ಕಿಗೆ ಸೀತೆಯನ್ನು ಹುಡುಕಿಕೊಂಡು ಹೊರಟಿದ್ದಾರೆ. ಸುಗ್ರೀವ ಕೊಟ್ಟಿದ್ದ ಒಂದು ತಿಂಗಳ ಗಡುವು ಮುಗಿದುಹೋಗಿದೆ. ಎದುರಿಗೆ ಕಡಲು, ಹಿಂದೆ ರಾಜನ ಕೋಪ. ಬರಿಗೈಯಲ್ಲಿ ವಾಪಸ್ಸು ಹೋಗುವುದಕ್ಕಿಂತ ಇಲ್ಲೇ ಅನ್ನ ನೀರು ಬಿಟ್ಟು ಪ್ರಾಣ ತ್ಯಜಿಸುವುದೇ ಮೇಲು ಅಂತ ಎಲ್ಲರೂ ದರ್ಭೆ ಹಾಸಿಕೊಂಡು ಕೂತುಬಿಟ್ಟರು. ಆಗ ವಿಂಧ್ಯದ ಗುಹೆಯಿಂದ ಹೊರಗೆ ಬಂದ ಸಂಪಾತಿ ಇವರನ್ನು ನೋಡಿ ಸಂತೋಷಪಟ್ಟಿತು. ಯಾಕೆ ಅಂದರೆ, ಇಷ್ಟು ದಿನಕ್ಕೆ ದೇವರು ಊಟ ಕಳಿಸಿದ, ಒಬ್ಬೊಬ್ಬರಾಗಿ ಸಾಯುತ್ತಾ ಹೋದಂತೆ ತಿನ್ನಬಹುದು ಅಂತ! ನೋಡಿ, ವಾಲ್ಮೀಕಿ ಮಹರ್ಷಿಗಳು ಮುಚ್ಚುಮರೆ ಮಾಡುವುದಿಲ್ಲ. ಹದ್ದಿನ ಧರ್ಮ ಹೆಣ ತಿನ್ನುವುದು. ಅದನ್ನು ಹಾಗೇ ಹೇಳಿದ್ದಾರೆ.

ಅಷ್ಟರಲ್ಲಿ ಅಂಗದ ದುಃಖದಿಂದ ಮಾತನಾಡುತ್ತಾ, ರಾಮಕಾರ್ಯಕ್ಕಾಗಿ ಪ್ರಾಣ ಕೊಟ್ಟ ಜಟಾಯುವೇ ಪುಣ್ಯವಂತ ಎಂದ. ಆ ಹೆಸರು ಕೇಳಿದ್ದೇ ತಡ, ಮುದಿ ಹದ್ದಿನ ಎದೆ ಧಸಕ್ಕೆಂದಿತು. ಜಟಾಯು ಅದರ ಒಡಹುಟ್ಟಿದ ತಮ್ಮ. ಹಿಂದೆ ಒಂದು ದಿನ ಅಣ್ಣ ತಮ್ಮ ಇಬ್ಬರೂ ಸೂರ್ಯನ ತನಕ ಹಾರುತ್ತೇವೆಂದು ಹೊರಟಾಗ, ತಮ್ಮ ಬಿಸಿಲಿಗೆ ಬಳಲಿದ್ದನ್ನು ಕಂಡು ಅಣ್ಣ ತನ್ನ ರೆಕ್ಕೆ ಹರಡಿ ಮರೆಮಾಡಿದ್ದ. ರೆಕ್ಕೆ ಸುಟ್ಟು ಅಣ್ಣ ಒಂದು ಕಡೆ ಬಿದ್ದ, ತಮ್ಮ ಏನಾದನೋ ತಿಳಿಯಲಿಲ್ಲ. ಇಷ್ಟು ಕಾಲದ ಮೇಲೆ ಕಿವಿಗೆ ಬಿದ್ದದ್ದು ಸಾವಿನ ಸುದ್ದಿ. ನನ್ನನ್ನು ಕೆಳಗಿಳಿಸಿ ಎಂದು ಕೇಳಿಕೊಂಡು ಇಳಿದು ಬಂದ ಸಂಪಾತಿ ಎಲ್ಲವನ್ನೂ ಕೇಳಿ ತಿಳಿದು, ತನ್ನ ದೂರದೃಷ್ಟಿಯಿಂದ ಕಡಲಾಚೆ ನೋಡಿ, ರಾವಣನ ಲಂಕೆ ಅಗೋ ಅಲ್ಲಿದೆ, ಸೀತೆ ಅಲ್ಲಿದ್ದಾಳೆ ಎಂದು ಹೇಳಿತು. ಆಮೇಲೆ ಜಾಂಬವಂತ ಹನುಮಂತನಿಗೆ ಅವನ ಶಕ್ತಿಯನ್ನು ನೆನಪಿಸಿದ್ದು, ಮಹೇಂದ್ರ ಪರ್ವತ ಹತ್ತಿದ್ದು, ಹಾರಿದ್ದು. ಸುಂದರಕಾಂಡ ಪಾರಾಯಣ ಮಾಡುವ ಭಕ್ತರು ಗಮನಿಸಬೇಕು. ಆ ಹದ್ದಿನ ಮಾತು ಇಲ್ಲದಿದ್ದರೆ ಸುಂದರಕಾಂಡವೇ ಇಲ್ಲ.

ಇನ್ನು ಜಟಾಯುವಿನ ವಿಷಯ. ಎಲ್ಲರಿಗೂ ಗೊತ್ತಿರುವುದು ಅವನು ರಾವಣನೊಡನೆ ಹೋರಾಡಿ ರೆಕ್ಕೆ ಕಡಿಸಿಕೊಂಡ ಕಥೆ. ಅದಕ್ಕೆ ಮುಂಚೆ, ಪಂಚವಟಿಗೆ ಹೋಗುವ ದಾರಿಯಲ್ಲಿ ರಾಮನಿಗೆ ಮೊದಲ ಸಲ ಸಿಕ್ಕಾಗ ಅವನು ಹೇಳಿದ ಒಂದು ಮಾತಿದೆ. ಹರಿಕಥೆಗಳಲ್ಲಿ ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಹೆಸರುಗಳ ಪಟ್ಟಿ ಉದ್ದ ಅಂತ. ನೀನು ಯಾರಪ್ಪ ಎಂದು ರಾಮ ಕೇಳಿದ್ದಕ್ಕೆ ಜಟಾಯು ತನ್ನ ಒಂದೇ ಹೆಸರು ಹೇಳಿ ಸುಮ್ಮನಾಗಲಿಲ್ಲ. ಸೃಷ್ಟಿಯ ಮೊದಲಿಂದ ಶುರುಮಾಡಿದ. ಕಶ್ಯಪ ಬ್ರಹ್ಮರು ದಕ್ಷನ ಹೆಣ್ಣುಮಕ್ಕಳನ್ನು ಮದುವೆಯಾದರು. ಅವರಲ್ಲಿ ಮನು ಎಂಬಾಕೆಯಿಂದ ಮನುಷ್ಯರು ಹುಟ್ಟಿದರು. ಅನಲೆ ಎಂಬಾಕೆಯಿಂದ ಹಣ್ಣು ಬಿಡುವ ಮರಗಳು ಹುಟ್ಟಿದವು. ಕ್ರೋಧವಶೆ ಎಂಬಾಕೆಯ ಹೆಣ್ಣುಮಕ್ಕಳಿಂದ ಜಿಂಕೆ, ಕರಡಿ, ಸಿಂಹ, ಕೋತಿ, ಆನೆ, ಹುಲಿ, ಹಾವು ಹುಟ್ಟಿದವು. ಅದೇ ಕವಲಿನಲ್ಲಿ ಸುರಭಿ, ಸುರಭಿಯ ಮಗಳು ರೋಹಿಣಿ, ರೋಹಿಣಿಯಿಂದ ಗೋವುಗಳು. ತಾಮ್ರೆ ಎಂಬಾಕೆಯ ಮಕ್ಕಳಿಂದ ಗೂಬೆ, ಗಿಡುಗ, ಹಂಸ, ಚಕ್ರವಾಕ, ಹದ್ದು. ಹೀಗೆ ಹೇಳುತ್ತಾ ಬಂದು ಕಡೆಗೆ ಅರುಣನ ಮಗ ಸಂಪಾತಿ, ಅವನ ತಮ್ಮ ನಾನು ಜಟಾಯು, ನೀವಿಬ್ಬರೂ ಇಲ್ಲದಾಗ ಸೀತೆಯನ್ನು ನಾನು ಕಾಯುತ್ತೇನೆ ಎಂದ.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಮರ, ಮನುಷ್ಯ, ದನ, ಹದ್ದು ಎಲ್ಲಾ ಒಂದೇ ಮನೆಯ ಅಕ್ಕತಂಗಿಯರ ಸಂತಾನ. ಗೋವು ಮತ್ತು ರಣಹದ್ದು ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳ ಕಡೆಯವರು. ಇದು ಯಾವ ವಿಜ್ಞಾನದ ಪುಸ್ತಕದಲ್ಲೂ ಅಲ್ಲ, ಆದಿಕಾವ್ಯದಲ್ಲಿ, ಅದೂ ಒಂದು ಹದ್ದಿನ ಬಾಯಲ್ಲಿ ಬಂದ ವಂಶಾವಳಿ. ಗೋವು, ಹದ್ದು ಇವೆರಡರ ಸಂಬಂಧವನ್ನು ಭಕ್ತರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ರಾಮನಿಗೂ ಜಟಾಯುವಿನ ವಿಷಯದಲ್ಲಿ ಒಂದು ಕ್ಷಣ ತಪ್ಪು ತಿಳುವಳಿಕೆ ಆಗಿತ್ತು. ಸೀತೆಯನ್ನು ಹುಡುಕುತ್ತಾ ಬಂದ ರಾಮ, ರಕ್ತದಲ್ಲಿ ತೊಯ್ದು ಬಿದ್ದಿದ್ದ ಹದ್ದನ್ನು ಕಂಡು, ಇದೇ ನನ್ನ ಸೀತೆಯನ್ನು ತಿಂದಿರಬೇಕು ಎಂದು ಬಾಣ ಹೂಡಿದ! ಹೆಣ ತಿನ್ನುವ ಹಕ್ಕಿ, ಮೈತುಂಬಾ ರಕ್ತ, ಇನ್ನೇನು ಬೇಕು ಅನುಮಾನಕ್ಕೆ? ಆದರೆ ಅದು ಸೀತೆಯನ್ನು ಕಾಯಲು ಹೋಗಿ ಹರಿಸಿದ ಸ್ವಂತ ರಕ್ತ. ವಿಷಯ ತಿಳಿದಾಗ ರಾಮ ಬಿಲ್ಲನ್ನು ಎಸೆದು ಆ ಹಕ್ಕಿಯನ್ನು ತಬ್ಬಿಕೊಂಡು ಅತ್ತ. ಸೀತೆ ಹೋದ ದುಃಖಕ್ಕಿಂತ ಇವನು ಸತ್ತ ದುಃಖ ಹೆಚ್ಚು ಎಂದ. ಸೌದೆ ತರಿಸಿ ಚಿತೆ ಮಾಡಿ, ತಂದೆಗೆ ಮಾಡುವ ಸಂಸ್ಕಾರವನ್ನು ಹದ್ದಿಗೆ ಮಾಡಿ, ಗೋದಾವರಿಯಲ್ಲಿ ತರ್ಪಣ ಬಿಟ್ಟ. ದಶರಥನಿಗೆ ಅಗ್ನಿಸಂಸ್ಕಾರ ಮಾಡುವ ಭಾಗ್ಯ ರಾಮನಿಗೆ ಸಿಗಲಿಲ್ಲ. ಜಟಾಯುವಿಗೆ ಮಾಡುವುದು ಸಿಕ್ಕಿತು. ನಮ್ಮ ಗಡಿಯಾಚೆ ಹಿಂದೂಪುರದ ಹತ್ತಿರ ಲೇಪಾಕ್ಷಿ ಇದೆಯಲ್ಲ, ಜಟಾಯು ಬಿದ್ದದ್ದು ಅಲ್ಲಿ, ರಾಮ ತೆಲುಗಿನಲ್ಲಿ ‘ಲೇ ಪಕ್ಷಿ’, ಏಳು ಹಕ್ಕಿಯೇ, ಎಂದದ್ದರಿಂದ ಆ ಹೆಸರು ಬಂತು ಎಂದು ಅಲ್ಲಿನವರು ಹೇಳುತ್ತಾರೆ.

ಈಗ ವಿಷಯಕ್ಕೆ ಬರೋಣ. ಆ ಜಟಾಯುವಿನ ವಂಶ ಇವತ್ತು ಎಲ್ಲಿದೆ?

ನಲವತ್ತು ವರ್ಷದ ಹಿಂದೆ ಈ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಭಾರತದಲ್ಲಿ ರಣಹದ್ದುಗಳು ಕೋಟಿಗಟ್ಟಲೆ ಇದ್ದವು. ಊರಾಚೆ ಒಂದು ಎತ್ತು ಸತ್ತು ಬಿದ್ದರೆ ಎಲ್ಲಿಂದಲೋ ಚುಕ್ಕಿಯಂತೆ ಆಕಾಶದಲ್ಲಿ ಕಾಣಿಸಿಕೊಂಡು, ಸುತ್ತುತ್ತಾ ಇಳಿದು, ಗುಂಪಾಗಿ ಕೂತು ಒಂದು ಗಂಟೆಯೊಳಗೆ ಮೂಳೆ ಮಾತ್ರ ಬಿಟ್ಟು ಎದ್ದು ಹೋಗುತ್ತಿದ್ದವು. ಇವುಗಳ ಹೊಟ್ಟೆಯ ಆಮ್ಲ ಎಷ್ಟು ತೀಕ್ಷ್ಣ ಅಂದರೆ, ಬೇರೆ ಪ್ರಾಣಿ ಮುಟ್ಟಿದರೆ ಸಾಯುವಂಥಾ ನೆರಡಿ ರೋಗದ ಹೆಣವನ್ನೂ ಅರಗಿಸಿಕೊಳ್ಳುತ್ತವೆ. ಭಗವಂತ ಊರಿಗೆ ನೇಮಿಸಿದ ಜಾಡಮಾಲಿಗಳು ಇವು. ಸಂಬಳ ಇಲ್ಲ, ರಜಾ ಇಲ್ಲ.

1990ರ ದಶಕದ ಕೊನೆಯಲ್ಲಿ ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಾ. ವಿಭು ಪ್ರಕಾಶ್ ಅವರು ಹದ್ದುಗಳು ಕತ್ತು ಜೋತುಹಾಕಿ ಕೂತು ಕೂತಲ್ಲೇ ಸಾಯುತ್ತಿರುವುದನ್ನು ಕಂಡರು. ಆಮೇಲೆ ದೇಶವೆಲ್ಲಾ ಲೆಕ್ಕ ಹಾಕಿ ನೋಡಿದಾಗ ತಿಳಿದದ್ದು ಭಯಂಕರ. 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದು ಸಾವಿರಕ್ಕೆ ಒಂದು ಉಳಿಯಿತು. ಉದ್ದ ಕೊಕ್ಕಿನ ರಣಹದ್ದು ನೂರಕ್ಕೆ ಮೂರರ ಹಾಗೆ ಉಳಿಯಿತು. ಹದಿನೈದೇ ವರ್ಷ! ಒಂದು ಮಗು ಹುಟ್ಟಿ ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಒಂದು ವಂಶ ಮುಗಿದುಹೋಯಿತು. ಯಾರೂ ಬೇಟೆ ಆಡಲಿಲ್ಲ, ಯಾರೂ ಬಲೆ ಹಾಕಲಿಲ್ಲ.

ಮೊದಲು ಏನೋ ಸಾಂಕ್ರಾಮಿಕ ಬಂದಿದೆ ಅಂದುಕೊಂಡರು. ಕಾರಣ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಮತ್ತು ಸಂಗಡಿಗರು ಸತ್ತ ಹದ್ದುಗಳನ್ನು ಪರೀಕ್ಷಿಸಿ, 2004ರಲ್ಲಿ ಕಾರಣವನ್ನು ಪ್ರಕಟಿಸಿದರು. ಡೈಕ್ಲೋಫೆನಾಕ್. ಮಂಡಿನೋವು, ಸೊಂಟನೋವಿಗೆ ಮನೆಮನೆಯಲ್ಲೂ ನುಂಗುವ ಮಾತ್ರೆ ಇದೆಯಲ್ಲ, ಅದೇ ಔಷಧ. ಅಗ್ಗವಾಗಿ ಸಿಗತೊಡಗಿದ ಮೇಲೆ 1990ರ ದಶಕದಲ್ಲಿ ಅದನ್ನು ದನಗಳಿಗೂ ಇಂಜೆಕ್ಷನ್ ಕೊಡಲು ಶುರುಮಾಡಿದರು. ಕೆಚ್ಚಲು ಬಾವು, ಜ್ವರ, ಕಾಲುನೋವು, ಏನಿದ್ದರೂ ಒಂದು ಸೂಜಿ. ದನಕ್ಕೆ ನೋವು ಇಳಿಯುತ್ತಿತ್ತು, ರೈತನಿಗೆ ಸಮಾಧಾನ ಆಗುತ್ತಿತ್ತು. ಆದರೆ ಔಷಧ ಕೊಟ್ಟ ಒಂದೆರಡು ದಿನದಲ್ಲೇ ದನ ಸತ್ತರೆ, ಆ ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ರಕ್ತದಲ್ಲಿ ಯೂರಿಕ್ ಆಮ್ಲ ಏರಿ, ಹೃದಯ ಪಿತ್ತಕೋಶಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಕಟ್ಟಿ, ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ.

ದೇಶದಲ್ಲಿ ಸಾಯುವ ದನವೆಲ್ಲಾ ಈ ಔಷಧ ತೆಗೆದುಕೊಂಡಿರುತ್ತದೆಯೇ ಎಂದು ಯಾರಾದರೂ ಕೇಳಬಹುದು. ಇಲ್ಲ. ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನೂರು ಹೆಣಗಳಲ್ಲಿ ಒಂದರಲ್ಲಿ ವಿಷ ಇದ್ದರೂ ಹೆಚ್ಚೇ, ಅದಕ್ಕಿಂತ ಕಡಿಮೆ ಇದ್ದರೂ ವಂಶ ನಾಶಕ್ಕೆ ಸಾಕು. ಯಾಕೆಂದರೆ ಒಂದು ಹೆಣಕ್ಕೆ ಹತ್ತಾರು ಹದ್ದು ಕೂಡುತ್ತವೆ, ಪಂಕ್ತಿ ಭೋಜನ. ಒಂದೇ ಎಲೆಯಲ್ಲಿ ವಿಷ ಬಿದ್ದರೆ ಇಡೀ ಪಂಕ್ತಿ ಮಲಗುತ್ತದೆ. ಮತ್ತೆ ಹುಟ್ಟಿಕೊಳ್ಳೋಣ ಅಂದರೆ, ಇದಕ್ಕೆ ಪ್ರಾಯ ಬರಲು ಐದಾರು ವರ್ಷ ಬೇಕು, ಬಂದ ಮೇಲೆ ವರ್ಷಕ್ಕೆ ಒಂದೇ ಮೊಟ್ಟೆ.

ಇಲ್ಲಿ ಒಂದು ಧರ್ಮಸೂಕ್ಷ್ಮ ಇದೆ. ಜಟಾಯುವನ್ನು ಕಡಿದದ್ದು ರಾವಣ. ಅವನಿಗೆ ದುರುದ್ದೇಶವಿತ್ತು. ಜಟಾಯುವಿನ ಇಡೀ ಕುಲವನ್ನು ಕೆಡವಿದವರಿಗೆ ಯಾವ ದುರುದ್ದೇಶವೂ ಇರಲಿಲ್ಲ. ಗೋವಿನ ನೋವು ನೋಡಲಾರದೆ ಕೊಟ್ಟ ಔಷಧ ಅದು. ಗೋಸೇವೆ ಮಾಡಿದವರ ಕೈಯಲ್ಲೇ ಗೋವಿನ ದಾಯಾದಿಯ ವಂಶ ಹೋಯಿತು. ತಿಳಿಯದೆ ಮಾಡಿದ್ದಕ್ಕೆ ದೋಷ ಉಂಟೋ ಇಲ್ಲವೋ? ದಶರಥ ಮಹಾರಾಜನ ಕಥೆಯಲ್ಲೇ ಉತ್ತರ ಇದೆ. ಕತ್ತಲಲ್ಲಿ ಆನೆ ನೀರು ಕುಡಿಯುವ ಸದ್ದು ಎಂದು ಶಬ್ದವೇಧಿ ಬಾಣ ಬಿಟ್ಟ. ಬಿದ್ದದ್ದು ಕುರುಡು ತಂದೆತಾಯಿಗೆ ನೀರು ತುಂಬುತ್ತಿದ್ದ ಮುನಿಕುಮಾರ. ಕೊಲ್ಲುವ ಮನಸ್ಸು ಅವನದಲ್ಲ. ಆದರೂ ಫಲ ಬಿಡಲಿಲ್ಲ, ಮುಪ್ಪಿನಲ್ಲಿ ಪುತ್ರಶೋಕವಾಗಿ ಬಂದು ಪ್ರಾಣ ತೆಗೆದುಕೊಂಡಿತು. ಸದ್ದು ಕೇಳಿದ ಕೂಡಲೇ ಬಾಣ ಬಿಡಬಾರದಾಗಿತ್ತು, ಯಾರು ಅಂತ ನೋಡಬೇಕಾಗಿತ್ತು, ಅಷ್ಟೇ.

ಈ ಕಾಲದ ದಶರಥರಿಗೂ ಫಲ ಬಂದಿದೆ. ಹದ್ದು ಹೋದ ಮೇಲೆ ಸತ್ತ ದನವನ್ನು ತಿನ್ನಲು ಬಂದದ್ದು ಬೀದಿನಾಯಿಗಳು. ನಾಯಿ ಹೆಚ್ಚಿದಂತೆ ಕಡಿತವೂ ಹೆಚ್ಚಿತು, ಹುಚ್ಚುನಾಯಿ ರೋಗದ ಭಯವೂ ಹೆಚ್ಚಿತು. ಕೊಳೆತ ಹೆಣ ನೀರಿಗೆ ಬಿತ್ತು. ಎಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹದ್ದುಗಳು ಇಲ್ಲವಾದ ಕಾರಣಕ್ಕೆ 2000ದಿಂದ 2005ರವರೆಗಿನ ವರ್ಷಗಳಲ್ಲಿ ಭಾರತದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತಿದ್ದಾರೆ. ಐದು ಲಕ್ಷ ಮನುಷ್ಯರು! ಇವರಲ್ಲಿ ಒಬ್ಬರಿಗೂ ತಮ್ಮ ಸಾವಿಗೂ ಒಂದು ಹಕ್ಕಿಗೂ ಸಂಬಂಧ ಇದೆ ಅಂತ ಗೊತ್ತಿರಲಿಕ್ಕಿಲ್ಲ. ಪಾರ್ಸಿ ಸಮಾಜದವರ ಕಷ್ಟ ಇನ್ನೊಂದು ಬಗೆ. ಮೃತದೇಹವನ್ನು ಹದ್ದುಗಳಿಗೆ ಅರ್ಪಿಸುವುದು ಅವರ ಹಿಂದಿನಿಂದ ಬಂದ ಸಂಸ್ಕಾರ. ಹದ್ದೇ ಬರದಿದ್ದರೆ ಏನು ಮಾಡಬೇಕು? ಮುಂಬಯಿಯ ಮೌನಗೋಪುರದಲ್ಲಿ ಬಿಸಿಲನ್ನು ಒಂದೆಡೆ ಸೇರಿಸುವ ಸೌರಯಂತ್ರ ಇಡಬೇಕಾಯಿತು. ಒಂದು ಹಕ್ಕಿ ಹೋದರೆ ಒಂದು ಧರ್ಮದ ಆಚಾರವೇ ನಿಂತುಹೋಗುವ ಪರಿಸ್ಥಿತಿ.

ನಮ್ಮವರದ್ದೂ ಹಾಗೇ ಒಂದು ಉದಾಹರಣೆ ಇದೆ. ತಮಿಳುನಾಡಿನ ಚೆಂಗಲ್ಪಟ್ಟು ಹತ್ತಿರದ ತಿರುಕ್ಕಳುಕುಂಡ್ರಂ. ಕಂಚಿ, ಮಹಾಬಲಿಪುರ ಯಾತ್ರೆಗೆ ಹೋದ ಹಿರಿಯರು ಪಕ್ಷಿತೀರ್ಥ ಅಂತ ಕರೆಯುತ್ತಿದ್ದದ್ದು ಇದನ್ನೇ. ಆ ಬೆಟ್ಟದ ಮೇಲೆ ಮಧ್ಯಾಹ್ನ ಅರ್ಚಕರು ನೈವೇದ್ಯ ಹಿಡಿದು ಕಾಯುತ್ತಿದ್ದರು, ಎರಡು ಬಿಳಿಯ ರಣಹದ್ದು ಆಕಾಶದಿಂದ ಇಳಿದು ಬಂದು ಅವರ ಕೈಯ ಪ್ರಸಾದ ತಿಂದು ಹೋಗುತ್ತಿದ್ದವು. ಶತಮಾನಗಳಿಂದ ನಡೆದುಬಂದದ್ದು. ಕಾಶಿಯಲ್ಲಿ ಸ್ನಾನ ಮಾಡಿ ರಾಮೇಶ್ವರಕ್ಕೆ ಹೋಗುವ ಋಷಿಗಳು ಅವು ಎಂದು ನಂಬಿಕೆ. 1998ರ ನಂತರ ಆ ಹಕ್ಕಿಗಳು ಬರಲಿಲ್ಲ. ಕಲಿಯುಗದ ಪಾಪ ಹೆಚ್ಚಾಯಿತು, ಅದಕ್ಕೇ ಋಷಿಗಳು ಬರುವುದನ್ನು ಬಿಟ್ಟರು ಎಂದು ಭಕ್ತರು ಹೇಳಿಕೊಂಡರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಪಾಪ ಯಾವುದು ಅಂತ ಮಾತ್ರ ವಿಚಾರಿಸಲಿಲ್ಲ.

ಹದ್ದಿನ ಕಥೆ ಒಂದೇ ಆಗಿದ್ದರೆ ಗ್ರಹಚಾರ ಎನ್ನಬಹುದಿತ್ತು. ಜಗತ್ತಿನ ಲೆಕ್ಕ ತೆಗೆದರೆ ಹಾಗಿಲ್ಲ. ಈ ಭೂಮಿಯ ಮೇಲೆ ಹಿಂದೆ ಐದು ಸಲ ಮಹಾಪ್ರಳಯದಂತೆ ಜೀವರಾಶಿಗಳು ಸಾಮೂಹಿಕವಾಗಿ ಅಳಿದಿವೆ ಎಂದು ಭೂವಿಜ್ಞಾನ ಹೇಳುತ್ತದೆ. ಕೊನೆಯದು 6.6 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳು ಹೋದದ್ದು. ಅವೆಲ್ಲಾ ಉಲ್ಕೆ, ಜ್ವಾಲಾಮುಖಿ ಮೊದಲಾದವುಗಳಿಂದ ಆದವು. ಈಗ ನಡೆಯುತ್ತಿರುವುದಕ್ಕೆ ಕಾರಣ ಮನುಷ್ಯ. 2019ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನಿಗಳ ವೇದಿಕೆಯೊಂದು ಕೊಟ್ಟ ವರದಿಯಲ್ಲಿ, ಸುಮಾರು 80 ಲಕ್ಷ ಜೀವಜಾತಿಗಳಲ್ಲಿ 10 ಲಕ್ಷ ಅಳಿವಿನ ದಾರಿಯಲ್ಲಿವೆ ಎಂದಿದೆ. ಕಾಡು, ಕೆರೆ, ಹುಲ್ಲುಗಾವಲನ್ನು ಹೊಲವಾಗಿ ಸೈಟಾಗಿ ಮಾಡಿದ್ದು ಎಲ್ಲಕ್ಕಿಂತ ದೊಡ್ಡ ಕಾರಣ. ಅತಿಯಾಗಿ ಹಿಡಿದು ಕೊಂದದ್ದು, ಹವೆ ಬಿಸಿಯಾದದ್ದು, ವಿಷ, ಕೊಳಕು ಇವೂ ಕಾರಣ. ಬೇರೆ ದೇಶದಿಂದ ಬಂದು ಹಬ್ಬಿದ ಗಿಡ ಪ್ರಾಣಿಗಳೂ ಕಾರಣ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ರಸ್ತೆಯ ಎರಡೂ ಕಡೆ ಚಂದದ ಹೂವಿನ ಪೊದೆ ನೋಡಿರುತ್ತಾರೆ, ಅದು ಲಂಟಾನ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆ ತಂದದ್ದು, ಈಗ ಕಾಡಿನ ಹುಲ್ಲನ್ನೇ ಮುಚ್ಚಿ ಕೂತಿದೆ.

ಅಮೆರಿಕದಲ್ಲಿ ಪ್ಯಾಸೆಂಜರ್ ಪಾರಿವಾಳ ಅಂತ ಒಂದು ಹಕ್ಕಿ ಇತ್ತು. ಹಿಂಡು ಹಾರಿದರೆ ಸೂರ್ಯ ಮರೆಯಾಗುತ್ತಿದ್ದನಂತೆ. ಅಷ್ಟಿದ್ದದ್ದನ್ನು ಕೊಂದು ಕೊಂದು, 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಕೊನೆಯದು ಸತ್ತಿತು. ನಮ್ಮ ದೇಶದ ಚೀತಾ 1952ರಲ್ಲಿ ಅಳಿದಿದೆ ಎಂದು ಸರ್ಕಾರವೇ ಸಾರಿತು. 2022ರಲ್ಲಿ ಆಫ್ರಿಕದಿಂದ ವಿಮಾನದಲ್ಲಿ ತರಬೇಕಾಯಿತು. ದುಡ್ಡಿದ್ದರೆ ತರಬಹುದು, ಬೇರೆಲ್ಲಾದರೂ ಉಳಿದಿದ್ದರೆ. ಪಾರಿವಾಳವನ್ನು ಎಲ್ಲಿಂದ ತರುವುದು?

ದೂರದ ಮಾತು ಸಾಕು, ಭಕ್ತರು ನಿಂತಿರುವ ಈ ಗುಡ್ಡದ ಸ್ಥಳಪುರಾಣಕ್ಕೇ ಬರೋಣ. ಹಿಂದೆ ಇಲ್ಲಿ ರಾಗಿಯ ರಾಶಿ ಇತ್ತು, ಪಟೇಲರ ಮನೆಯ ಸೊಸೆ ಸುಧರ್ಮ ಎಂಬ ಸಾಧ್ವಿ ದಾಸರ ವೇಷದಲ್ಲಿ ಬಂದ ತ್ರಿಮೂರ್ತಿಗಳಿಗೆ ಮೊರ ತುಂಬಾ ರಾಗಿ ನೀಡಲು ಹೋದಳು, ಅತ್ತೆ ತಡೆದಳು, ಕೊಡಲಾಗದ ರಾಶಿ ಕಲ್ಲಾಗಲಿ ಎಂದು ಸೊಸೆ ನೊಂದು ಬೇಡಿಕೊಂಡಳು, ರಾಶಿ ಕಲ್ಲುಗುಡ್ಡವಾಯಿತು ಎಂಬುದು ಪ್ರತೀತಿ. ಕಥೆಯನ್ನು ಎಲ್ಲರೂ ದಾನದ ಮಹಿಮೆ ಅಂತ ಕೇಳುತ್ತಾರೆ, ಸರಿಯೇ. ಆದರೆ ಕಣದಲ್ಲಿ ರಾಗಿ ರಾಶಿ ಮಾಡಿದ ಯಾವ ಒಕ್ಕಲಿಗನೂ ರಾಶಿಯನ್ನು ಪೂರ್ತಿ ಬಾಚಿಕೊಂಡು ಹೋಗುತ್ತಿರಲಿಲ್ಲ. ದಾಸರಿಗೆ, ಬಡವರಿಗೆ ಕೊಟ್ಟ ಮೇಲೆ ಗುಬ್ಬಿಗೆ, ಇರುವೆಗೆ, ಗೊರವಂಕಕ್ಕೆ ಅಂತ ಕಣದಲ್ಲಿ ಕಾಳು ಉಳಿಯುತ್ತಿತ್ತು. ಗೃಹಸ್ಥನಿಗೆ ಹೇಳಿರುವ ಐದು ಯಜ್ಞಗಳಲ್ಲಿ ಭೂತಯಜ್ಞ ಅಂದರೆ ಇದೇ, ಪ್ರಾಣಿಪಕ್ಷಿಗಳ ಪಾಲು.

1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಅದಕ್ಕೂ ಮುಂಚೆ ಈ ಕಡೆಯೆಲ್ಲಾ ಹಳ್ಳಿ, ಹೊಲ, ತೋಪು, ಕೆರೆ. ಬಡಾವಣೆ ಚೆನ್ನಾಗಿಯೇ ಮಾಡಿದರು, ಅಗಲ ರಸ್ತೆ, ಸಾಲುಮರ, ಪಾರ್ಕು. ಆದರೆ ಕಣ ಹೋಯಿತು. ಹೆಂಚಿನ ಮನೆ ಹೋಗಿ ಗಾಜಿನ ಕಟ್ಟಡ ಬಂದ ಮೇಲೆ ಗುಬ್ಬಿಗೆ ಗೂಡು ಕಟ್ಟಲು ಸಂದಿಯೂ ಹೋಯಿತು. ಅಕ್ಕಿ ಕೇರುವ ಮೊರವೂ ಹೋಯಿತು, ಈಗ ಅಕ್ಕಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಒಂದು ನುಚ್ಚೂ ಹೊರಗೆ ಬೀಳುವುದಿಲ್ಲ. ಪಿತೃಪಕ್ಷದಲ್ಲಿ ತಾರಸಿಯ ಮೇಲೆ ಪಿಂಡ ಇಟ್ಟು ಕಾ ಕಾ ಅಂತ ಕರೆದು ಕಾಯುವವರನ್ನು ನೋಡಿರಬಹುದು. ಕಾಗೆ ಬರುವುದು ಅರ್ಧ ಗಂಟೆ ತಡವಾದರೆ ಮನೆಮಂದಿಯ ಮುಖ ಬಾಡುತ್ತದೆ, ಅಪ್ಪನಿಗೆ ಏನೋ ಬೇಜಾರಾಗಿದೆ ಅನ್ನುತ್ತಾರೆ. ವರ್ಷದ ಉಳಿದ ದಿನ ಅದೇ ಕಾಗೆ ಗೂಡು ಕಟ್ಟಿದ ಕೊಂಬೆ ಕಡಿಸಲು ಫೋನ್ ಮಾಡುತ್ತಾರೆ. ಇದೊಂದು ವಿಚಿತ್ರ. ಹೋಗಲಿ ಬಿಡಿ, ಕೆಡಿಸಿದ್ದು ಎಲ್ಲವೂ ಶಾಶ್ವತ ಅಂತೇನೂ ಅಲ್ಲ. ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರಲ್ಲಿ ತೆರವು ಮಾಡಿ, ಆಮೇಲೆ ಹೂಳು ತೆಗೆಸಿದರು. ಕೆರೆಗೆ ನೀರು ಬಂತು, ನೀರಿನ ಹಿಂದೆ ಹಕ್ಕಿ ಬಂದವು. ಯಾರೂ ಪತ್ರಿಕೆ ಕೊಟ್ಟು ಆಹ್ವಾನಿಸಲಿಲ್ಲ.

ಹದ್ದಿನ ವಿಷಯದಲ್ಲೂ ಕೆಲವು ಒಳ್ಳೆಯ ಕೆಲಸ ಆಗಿವೆ, ಅದನ್ನೂ ಹೇಳಬೇಕು. ಭಾರತ ಸರ್ಕಾರ 2006ರಲ್ಲಿ ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಮನುಷ್ಯರ ಔಷಧದ ದೊಡ್ಡ ಬಾಟಲಿ ಕೊಂಡು ದನಕ್ಕೆ ಚುಚ್ಚುತ್ತಿದ್ದರು, ಆದ್ದರಿಂದ 2015ರಲ್ಲಿ ಆ ಇಂಜೆಕ್ಷನ್ನಿನ ಬಾಟಲಿಯನ್ನು 3 ಎಂ.ಎಲ್.ಗೆ ಇಳಿಸಿತು. ಹದ್ದಿಗೆ ಅಷ್ಟೇ ಕೇಡಾದ ಕೀಟೊಪ್ರೊಫೇನ್, ಅಸಿಕ್ಲೋಫೆನಾಕ್ ಎಂಬ ಎರಡು ಔಷಧಗಳನ್ನು 2023ರಲ್ಲಿ ಜಾನುವಾರು ಬಳಕೆಗೆ ನಿಷೇಧಿಸಲಾಯಿತು. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರ ಇದೆ, ಅದಕ್ಕೆ ಇಟ್ಟಿರುವ ಹೆಸರೇ ಜಟಾಯು.

ಹಳ್ಳಿಯಲ್ಲಿ ದನಕರು ಇರುವ ಭಕ್ತರು ಒಂದು ವಿಷಯ ಗಮನದಲ್ಲಿ ಇಡಬೇಕು. ದನಕ್ಕೆ ನೋವು, ಬಾವು ಬಂದಾಗ ಔಷಧ ಕೊಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ಮೆಲಾಕ್ಸಿಕ್ಯಾಮ್ ಎಂಬ ಔಷಧ ಇದೆ, ದನದ ನೋವಿಗೂ ಆಗುತ್ತದೆ, ಹದ್ದಿಗೂ ತೊಂದರೆ ಇಲ್ಲ ಎಂದು ಪರೀಕ್ಷೆ ಆಗಿದೆ. ಪಶುವೈದ್ಯರು ಬಂದಾಗ ಆ ಹೆಸರು ಹೇಳಿ ಕೇಳಿ. ಡಾಕ್ಟರ್ ಇಲ್ಲದೆ ಮೆಡಿಕಲ್ ಶಾಪಿನಿಂದ ಮನುಷ್ಯರ ಇಂಜೆಕ್ಷನ್ ತಂದು ತಾವೇ ಚುಚ್ಚುವುದು ಬೇಡ. ಔಷಧ ಹಾಕಿಸಿಕೊಂಡ ದನ ನಾಲ್ಕು ದಿನದೊಳಗೆ ತೀರಿಹೋದರೆ ಹೆಣವನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳಿ. ಪಟ್ಟಣದಲ್ಲಿ ದನ ಸಾಕದವರಿಗೂ ಊರಿನಲ್ಲಿ ಅಣ್ಣನೋ ಮಾವನೋ ಇರುತ್ತಾರೆ. ಹಬ್ಬಕ್ಕೆ ಫೋನ್ ಮಾಡಿದಾಗ ಒಂದು ಮಾತು ಹೇಳಬಹುದು.

ಇನ್ನು ದರ್ಶನದ ವಿಷಯ. ರಾಗಿಗುಡ್ಡದಿಂದ ಸುಮಾರು 50 ಕಿ.ಮೀ. ದೂರದಲ್ಲಿ ರಾಮನಗರದ ರಾಮದೇವರ ಬೆಟ್ಟ ಇದೆ. 1975ರಲ್ಲಿ ಬಂದ ಶೋಲೆ ಸಿನಿಮಾದ ಬೆಟ್ಟ ಅಂದರೆ ಎಲ್ಲರಿಗೂ ಗುರುತು ಸಿಗುತ್ತದೆ, ರಾಮ ವನವಾಸದಲ್ಲಿ ತಂಗಿದ್ದ ಬೆಟ್ಟ ಅಂದರೆ ಸಿಗುವುದಿಲ್ಲ, ಕಾಲಮಹಿಮೆ. ಮೇಲೆ ಪಟ್ಟಾಭಿರಾಮ ಸ್ವಾಮಿ ಗುಡಿ. ಸುತ್ತಲಿನ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಹಿಂದಿನಿಂದ ಗೂಡು ಕಟ್ಟುತ್ತಾ ಬಂದಿವೆ. 2012ರಲ್ಲಿ ಸುಮಾರು 346 ಹೆಕ್ಟೇರ್ ಜಾಗವನ್ನು ಸರ್ಕಾರ ರಣಹದ್ದು ಧಾಮ ಎಂದು ಘೋಷಿಸಿತು, ದೇಶದಲ್ಲೇ ಇಂಥದ್ದು ಮೊದಲನೆಯದು. ರಾಮನ ಹೆಸರಿನ ಬೆಟ್ಟದಲ್ಲೇ ಜಟಾಯುವಿನ ಕುಲ ಉಳಿದುಕೊಂಡದ್ದನ್ನು ಕಾಕತಾಳೀಯ ಅನ್ನುವವರು ಅನ್ನಲಿ. ಈಗ ಅಲ್ಲಿ ಇರುವುದು ಬೆರಳಲ್ಲಿ ಎಣಿಸುವಷ್ಟು ಹಕ್ಕಿ ಮಾತ್ರ.

ಶ್ರಾವಣದಲ್ಲಿ, ಶನಿವಾರ ಭಾನುವಾರಗಳಲ್ಲಿ ಅಲ್ಲಿಗೆ ಹೋಗುವವರು ಗುಡಿಯ ದರ್ಶನ ಮುಗಿಸಿ ಇಳಿಯುವಾಗ ಎದುರಿನ ಬಂಡೆಯ ಮೇಲ್ಭಾಗ ನೋಡಬೇಕು. ಕಪ್ಪು ಕಲ್ಲಿನ ಮೇಲೆ ಸುಣ್ಣ ಚೆಲ್ಲಿ ಇಳಿದ ಹಾಗೆ ಉದ್ದಕ್ಕೆ ಬಿಳಿ ಗೆರೆ ಕಂಡರೆ ಅದು ಹದ್ದು ಕೂರುವ ಜಾಗ. ಚಳಿಗಾಲದಲ್ಲಿ ಅಲ್ಲಿ ಒಂದು ಮೊಟ್ಟೆ ಇರುತ್ತದೆ, ತಂದೆ ತಾಯಿ ಸರದಿಯ ಮೇಲೆ ಕೂತು ಕಾವು ಕೊಡುತ್ತವೆ. ಸದ್ದಿಗೆ ಬೆದರಿ ಎದ್ದುಹೋದರೆ ಆ ವರ್ಷದ ಸಂತಾನ ಹೋದಂತೆ. ಪಟಾಕಿ, ಮೈಕು, ಡ್ರೋಣ್ ಕ್ಯಾಮೆರಾ ಬೇಡ. ರಾಮನಾಮವನ್ನೂ ಅಲ್ಲಿ ಕೂಗಿ ಹೇಳುವುದು ಬೇಡ, ಮೆಲ್ಲಗೆ ಹೇಳಿದರೂ ಆ ಹಕ್ಕಿಗೆ ಕೇಳಿಸುತ್ತದೆ.